ಕಲಿಸೋರು ಯಾರು ಅಂತ ಕೇಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಡಿಪ್ಲೊಮಾ, ಬಿ.ಇ. ಓದುತ್ತಾ ಈ ವರ್ಷ ಕಾರ್ಖಾನೆಗೆ ಕಾಲಿಡುತ್ತಿರುವ ಮಕ್ಕಳಿಗೆ,

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಾವು ನಾಲ್ಕು ತಾಲ್ಲೂಕಿನವರು ಒಂದು ಜಿಲ್ಲೆ. ಕಂದಾಯಕ್ಕೆ ತುಮಕೂರು, ಎಸ್ಸೆಸ್ಸೆಲ್ಸಿಗೆ ಮಧುಗಿರಿ. ಫಲಿತಾಂಶದ ದಿನ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು ಎಂದು ಪೇಪರಿನಲ್ಲಿ ಹುಡುಕುತ್ತೇವೆ. ಹತ್ತನೇ ತರಗತಿ ದಾಟಿದ ಮೇಲೆ ಆ ಜಿಲ್ಲೆ ಯಾರಿಗೂ ನೆನಪಿರುವುದಿಲ್ಲ. ನೀವು ತುಮಕೂರಿಗೋ ಬೆಂಗಳೂರಿಗೋ ಚದುರಿ ಹೋಗುತ್ತೀರಿ. ವರ್ಕ್‌ಶಾಪಿನಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಮಾತ್ರ ನೀವು ಇನ್ನೂ ಒಂದೇ ಜಿಲ್ಲೆಯ ಮಕ್ಕಳು. ಯಾಕೆಂದರೆ ಕೊನೆಯ ಸೆಮಿಸ್ಟರ್ ಹತ್ತಿರವಾದಾಗ ನಾಲ್ಕೂ ಕಡೆಯಿಂದ ಬರುವ ಫೋನಿನಲ್ಲಿ ಪ್ರಶ್ನೆ ಒಂದೇ: “ಸಾರ್, ಸ್ಟೈಪೆಂಡ್ ಎಷ್ಟು ಕೊಡ್ತಾರೆ?”

ಕೇಳಬೇಕಾದ ಪ್ರಶ್ನೆಯೇ. ಶೇಂಗಾ ಕೈಕೊಟ್ಟ ವರ್ಷ ಫೀಸು ಕಟ್ಟಿದ ಅಪ್ಪನ ಮಕ್ಕಳು ದುಡ್ಡಿನ ಮಾತು ಆಡಬಾರದು ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ಅದಕ್ಕೆ ಉತ್ತರವನ್ನೂ ಕೊಡುತ್ತೇನೆ. ಆದರೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದನ್ನು ನನ್ನ ಹತ್ತಿರ ಇದುವರೆಗೆ ಯಾರೂ ಕೇಳಿಲ್ಲ: ಅಲ್ಲಿ ನನಗೆ ಕಲಿಸುವವರು ಯಾರು?

ದುಡ್ಡಿನ ವಿಷಯ ಮುಗಿಸಿಬಿಡೋಣ. ಅಪ್ರೆಂಟಿಸ್ ಕಾಯ್ದೆ 1961ರದು. 1973ರ ತಿದ್ದುಪಡಿಯಲ್ಲಿ ಪದವಿ, ಡಿಪ್ಲೊಮಾ ಓದಿದವರೂ ಅದರೊಳಗೆ ಬಂದರು. ಓದು ಮುಗಿಸಿದವರಿಗೆ ಮಾತ್ರ ಅಪ್ರೆಂಟಿಸ್‌ಗಿರಿ ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಕಾಲೇಜಿನಲ್ಲಿ ಒಂದಷ್ಟು ತಿಂಗಳು, ಕಾರ್ಖಾನೆಯಲ್ಲಿ ಒಂದಷ್ಟು ತಿಂಗಳು ಎಂದು ನಡೆಯುವ ಸ್ಯಾಂಡ್‌ವಿಚ್ ಕೋರ್ಸಿನ ವಿದ್ಯಾರ್ಥಿಗಳಿಗೂ ನಿಯಮದಲ್ಲಿ ಬೇರೆಯದೇ ಸಾಲಿದೆ. 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ ಇಷ್ಟೆಂದು ನಿಗದಿಯಾಯಿತು: ಪದವಿ ಮುಗಿಸಿದವರಿಗೆ 9,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 8,000, ಸ್ಯಾಂಡ್‌ವಿಚ್ ಕೋರ್ಸಿನಲ್ಲಿ ಪದವಿ ಓದುತ್ತಿರುವವರಿಗೆ 8,000, ಡಿಪ್ಲೊಮಾ ಓದುತ್ತಿರುವವರಿಗೆ 7,000. ಇದನ್ನು ಶೇ 36ರಷ್ಟು ಏರಿಸಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಯೋಜನೆಯಲ್ಲಿ ನೋಂದಾಯಿಸಿದರೆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ನಮ್ಮ ದಕ್ಷಿಣ ರಾಜ್ಯಗಳಿಗೆ ಅದನ್ನು ನೋಡಿಕೊಳ್ಳುವ ಕಚೇರಿ ಚೆನ್ನೈನಲ್ಲಿದೆ. ಅರ್ಜಿ ಹಾಕುವುದು ಆನ್‌ಲೈನಿನಲ್ಲಿ, ಚೆನ್ನೈಗೆ ಹೋಗಬೇಕಿಲ್ಲ.

ಇಷ್ಟರಲ್ಲಿ ಬದುಕು ನಡೆಯುತ್ತದೆಯೇ? ಮೂವರು ಸೇರಿ ರೂಮು ಮಾಡಿ, ರಾತ್ರಿ ಅನ್ನ ಸಾರು ನೀವೇ ಬೇಯಿಸಿಕೊಂಡರೆ ನಡೆಯುತ್ತದೆ. ಮನೆಗೆ ಕಳಿಸಲು ಉಳಿಯುವುದಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. “ನಮ್ಮ ಹುಡ್ಗ ಕಂಪ್ನಿ ಸೇರ್ಕಂಡ” ಎಂದು ಊರಲ್ಲಿ ಒಂದು ಸಲ ಸುದ್ದಿಯಾದರೆ, ಮುಂದಿನ ಹಬ್ಬಕ್ಕೆ ಎಲ್ಲರ ಕಣ್ಣೂ ನಿಮ್ಮ ಜೇಬಿನ ಮೇಲೇ ಇರುತ್ತದೆ.

ಇನ್ನು ನೀವು ಸಹಿ ಹಾಕುವ ಕಾಗದ. ಡಿಪ್ಲೊಮಾದ ಸಿ-20 ಪಠ್ಯಕ್ರಮದಲ್ಲಿ ಕೊನೆಯ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ಬಂತು. ವಿಟಿಯು ಕೂಡ ಈಚಿನ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಒಂದು ಭಾಗವನ್ನು ಅದಕ್ಕೇ ಬಿಟ್ಟಿದೆ. ಅದು ಪಠ್ಯದ ಭಾಗ, ಕ್ರೆಡಿಟ್ ಸಿಗುತ್ತದೆ, ಆದರೆ ಅಷ್ಟರಿಂದಲೇ ನೀವು ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆಗುವುದಿಲ್ಲ. ಅಪ್ರೆಂಟಿಸ್ ಆಗಬೇಕಾದರೆ ನಿಮ್ಮ ಮತ್ತು ಮಾಲೀಕರ ನಡುವೆ ಕರಾರು ಆಗಬೇಕು, ಅದು ನೋಂದಣಿಯಾಗಬೇಕು. ಇವೆರಡೂ ಅಲ್ಲದ ಮೂರನೆಯದೊಂದಿದೆ: ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ‘ಟ್ರೈನಿ ಬೇಕಾಗಿದ್ದಾರೆ, ಊಟ ವಸತಿ ಉಚಿತ’ ಎಂದು ಅಂಟಿಸಿರುವುದು. ಅದರಲ್ಲಿ ನಿಮ್ಮನ್ನು ಕರೆದೊಯ್ಯುವವನು ಲೇಬರ್ ಕಂಟ್ರಾಕ್ಟರ್. ಡಿಪ್ಲೊಮಾ ಓದುವ ಹುಡುಗ ರಜೆಯಲ್ಲಿ ಹೀಗೆ ದುಡಿದು ಬಂದರೆ ನಾನು ತಪ್ಪು ಹೇಳುವುದಿಲ್ಲ. ಅದನ್ನು ತರಬೇತಿ ಎಂದು ಮಾತ್ರ ಕರೆಯಬೇಡಿ.

ಕಾಯ್ದೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು 11ನೇ ಕಲಮು. ತರಬೇತಿ ಕೊಡುವುದು ಮಾಲೀಕರ ಕರ್ತವ್ಯ; ಅದಕ್ಕೆ ನಿಗದಿಯಾದ ಅರ್ಹತೆಯುಳ್ಳ ವ್ಯಕ್ತಿಯನ್ನು ತರಬೇತಿಯ ಹೊಣೆಗೆ ಹಾಕಬೇಕು ಎಂದು ಅದು ಹೇಳುತ್ತದೆ. ಅಂದರೆ ‘ಕಲಿಸುವವರು ಯಾರು’ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಎಚ್.ಆರ್. ಮೇಡಂ ಹುಬ್ಬೇರಿಸಿದರೂ ಪರವಾಗಿಲ್ಲ, ವಿನಯದಿಂದ ಕೇಳಿ. ಹೆಸರು ಹೇಳಿದರೆ ಅರ್ಧ ಗೆದ್ದ ಹಾಗೆ. “ಅಲ್ಲಿ ಎಲ್ರೂ ಹೇಳ್ಕೊಡ್ತಾರೆ” ಎಂದರೆ ಯಾರೂ ಹೇಳಿಕೊಡುವುದಿಲ್ಲ ಎಂದು ತಿಳಿಯಿರಿ.

ಕಲಿಸುವುದು ಎಂದರೆ ಏನೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕಂಡಿರದಿದ್ದರೆ ಅದು ಇಲ್ಲವೆಂದು ನಿಮಗೆ ಗೊತ್ತೇ ಆಗುವುದಿಲ್ಲ. ನಾನು ಅಪ್ರೆಂಟಿಸ್ ಆಗಿದ್ದುದು ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ. ನಮ್ಮ ಫೋರ್‌ಮನ್ ಶುರುವಿನಲ್ಲಿ ಯಾವ ಮಷಿನ್ನನ್ನೂ ಮುಟ್ಟಗೊಡಲಿಲ್ಲ. ಬೆಂಚ್ ವೈಸಿಗೆ ಒಂದು ಉಕ್ಕಿನ ತುಂಡು ಕಚ್ಚಿಸಿ, ಕೈಗೆ ಅರ ಕೊಟ್ಟು, ಮಟ್ಟಸ ಮಾಡು ಎಂದರು. ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ಸವರಿ ತುಂಡನ್ನು ಅದರ ಮೇಲೆ ಉಜ್ಜಿದರೆ ಎತ್ತರವಿದ್ದ ಕಡೆ ಮಾತ್ರ ನೀಲಿ ಹತ್ತುತ್ತದೆ. ಅಲ್ಲಿ ಅರೆಯಬೇಕು, ಮತ್ತೆ ಉಜ್ಜಬೇಕು. ನಡು ಉಬ್ಬುತ್ತಿತ್ತು, ಅಂಚು ಬೀಳುತ್ತಿತ್ತು. ನಿಂತ ಭಂಗಿ ಸರಿಯಿಲ್ಲದಿದ್ದರೆ ಅರ ತೂಗಾಡುತ್ತದೆ ಎಂಬುದನ್ನು ಅವರು ಬಾಯಲ್ಲಿ ಹೇಳಲಿಲ್ಲ, ಬಂದು ನನ್ನ ಎಡಗಾಲನ್ನು ತಮ್ಮ ಬೂಟಿನಿಂದ ಸರಿಸಿ ಹೋದರು. ಈಗ ಎಲ್ಲ ಸಿಎನ್‌ಸಿ, ಅರೆಯುವುದು ಯಾಕೆ ಎಂದು ನೀವು ಕೇಳಬಹುದು. ಲೋಹ ಎಷ್ಟು ಬಿಟ್ಟುಕೊಡುತ್ತದೆ, ಎಲ್ಲಿ ಹಟ ಮಾಡುತ್ತದೆ ಎಂಬುದು ಕೈಗೆ ಗೊತ್ತಿರುವವನು ಸ್ಕ್ರೀನಿನ ಮುಂದೆ ನಿಂತಾಗಲೂ ಬೇರೆಯೇ ಮನುಷ್ಯ. ಇದು ಹಳೆಯ ಮೇಷ್ಟ್ರ ಹಟ ಎಂದು ಬೇಕಾದರೆ ಅಂದುಕೊಳ್ಳಿ.

ಸಿಎನ್‌ಸಿಯಲ್ಲೇ ಹೇಳುವುದಾದರೆ ಅಲ್ಲಿ ಮೂರು ಮೆಟ್ಟಿಲು. ಜಾಬ್ ಹಾಕಿ, ಬಾಗಿಲು ಮುಚ್ಚಿ, ಸೈಕಲ್ ಸ್ಟಾರ್ಟ್ ಒತ್ತಿ, ಮುಗಿದ ಮೇಲೆ ತೆಗೆದು ಅಳೆಯುವವನು ಆಪರೇಟರ್. ಟೂಲ್ ಆಫ್‌ಸೆಟ್ ಕೊಡುವವನು, ಜಾಬಿನ ಸೊನ್ನೆ ಎಲ್ಲಿದೆ ಎಂದು ಜಿ54ರಲ್ಲಿ ಕೂರಿಸುವವನು ಸೆಟ್ಟರ್. ಡ್ರಾಯಿಂಗ್ ನೋಡಿ ಯಾವುದನ್ನು ಮೊದಲು ಕತ್ತರಿಸಬೇಕು, ಎಷ್ಟು ಆಳ, ಎಷ್ಟು ವೇಗ ಎಂದು ನಿರ್ಧರಿಸುವವನು ಪ್ರೋಗ್ರಾಮರ್. ಆಪರೇಟರ್ ಕೆಲಸ ಕಲಿಯಲು ಒಂದು ವಾರ ಸಾಕು. ಆಮೇಲೂ ವರ್ಷವಿಡೀ ಅಲ್ಲೇ ನಿಲ್ಲಿಸಿದರೆ ನಿಮ್ಮಿಂದ ಕೆಲಸ ತೆಗೆಯುತ್ತಿದ್ದಾರೆ, ಅಷ್ಟೆ. ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಏನು ಕಲಿತೆಯಪ್ಪಾ ಎಂದರೆ, “ಬಟನ್ ಒತ್ತೋದು ಸಾರ್” ಎಂದು ನಗುತ್ತಾರೆ. ಆ ನಗು ನನಗೆ ಇಷ್ಟವಾಗುವುದಿಲ್ಲ.

ಓದು ನಡೆಯುತ್ತಿರುವಾಗಲೇ ಕಾರ್ಖಾನೆಗೆ ಹೋಗುವುದರ ಲಾಭ ಬೇರೆಯದೇ ಇದೆ. ಎರಡನೇ ಸೆಮಿಸ್ಟರಿನಲ್ಲಿ ಉಷ್ಣ ವಿಕಾಸದ ಸೂತ್ರ ಬಾಯಿಪಾಠ ಮಾಡಿರುತ್ತೀರಿ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿ ಬಿಸಿಗೆ, ಸುಮಾರು 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಪರೀಕ್ಷೆಯಲ್ಲಿ ಎರಡು ಮಾರ್ಕು. ಈಗ 100 ಮಿಲಿಮೀಟರಿನ ಶಾಫ್ಟನ್ನು ಲೇತಿನಿಂದ ತೆಗೆದು ಬಿಸಿ ಆರುವ ಮೊದಲೇ ಉದ್ದ ಅಳೆದಿರಿ ಎನ್ನಿ. ಹತ್ತು ಡಿಗ್ರಿ ಹೆಚ್ಚಿದ್ದರೆ ಅದು 0.011 ಮಿಲಿಮೀಟರಿನಷ್ಟು ಉದ್ದ ತೋರಿಸುತ್ತದೆ; ಮೈಕ್ರೊಮೀಟರಿನಲ್ಲಿ ಸುಮಾರು ಒಂದು ಗೀಟು. ಮಷಿನ್ ಬಳಿ ಪಾಸಾದ ಜಾಬು ಸಂಜೆ 20 ಡಿಗ್ರಿಯ ಇನ್‌ಸ್ಪೆಕ್ಷನ್ ರೂಮಿನಲ್ಲಿ ರಿಜೆಕ್ಟ್ ಆಗುತ್ತದೆ. ಓದಿರದವನಿಗೆ ಇದು ಗ್ರಹಚಾರ. ಓದಿದ್ದೂ ಕಾರ್ಖಾನೆ ಕಾಣದವನಿಗೆ ಇದು ಎರಡು ಮಾರ್ಕಿನ ಪ್ರಶ್ನೆ. ನೀವು ಇಬ್ಬರ ನಡುವೆ ನಿಂತಿದ್ದೀರಿ, ಆ ಜಾಗ ಚೆನ್ನಾಗಿದೆ.

ಪಾವಗಡದವರಿಗೆ ಇನ್ನೊಂದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ನಿಮ್ಮ ಕಣ್ಣೆದುರೇ ಎದ್ದಿತು. ಎಲೆಕ್ಟ್ರಿಕಲ್ ಓದುವವರಿಗೆ ಒಂದು ಪ್ರಶ್ನೆ: ಏಪ್ರಿಲ್ ಮಧ್ಯಾಹ್ನ ಬಿಸಿಲು ಸುಡುತ್ತಿರುವಾಗ ಪ್ಯಾನೆಲ್ ತನ್ನ ಹಿಂದೆ ಬರೆದಿರುವಷ್ಟು ವಾಟ್ ಯಾಕೆ ಕೊಡುವುದಿಲ್ಲ? ಬರೆದಿರುವುದು ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಸೆಲ್ 65 ಡಿಗ್ರಿ ಮುಟ್ಟಿದರೆ ಏಳರಲ್ಲಿ ಒಂದು ಪಾಲು ಹೋದಂತೆಯೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆಗೆ ಹೊಲ ಕೊಟ್ಟ ಊರುಗಳಲ್ಲಿ ಜನಕ್ಕೆ ಹೆಚ್ಚಾಗಿ ಸಿಕ್ಕಿದ ಕೆಲಸ ಕಾವಲು ಕಾಯುವುದು, ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು. ಇನ್‌ವರ್ಟರ್ ರೂಮಿನ ಒಳಗೆ ಹೋಗಲು ಈ ಲೆಕ್ಕ ಗೊತ್ತಿರಬೇಕು. ಊರ ಪಕ್ಕದಲ್ಲೇ ಇಂಥ ಶಾಲೆಯಿದ್ದರೂ ತರಬೇತಿಗೆಂದು ಬೆಂಗಳೂರಿಗೇ ಓಡುವ ಮೊದಲು, ಅಲ್ಲಿ ಘಟಕ ನಡೆಸುವ ಕಂಪನಿಗಳಿಗೆ ನಿಮ್ಮ ಕಾಲೇಜಿನ ಮೂಲಕ ಒಂದು ಪತ್ರ ಬರೆಸಿ ನೋಡಿ. ಹಾಗೆಯೇ ಗಡಿಯಾಚೆ ಪೆನುಕೊಂಡದ ಬಳಿ 2019ರಿಂದ ಕಿಯಾ ಕಾರು ತಯಾರಾಗುತ್ತಿದೆ. ನಿಮಗೆ ತುಮಕೂರಿಗಿಂತ ಅದೇ ಹತ್ತಿರ, ತೆಲುಗು ಹೇಗೂ ಬರುತ್ತದೆ.

ಉಳಿದ ಮೂರು ತಾಲ್ಲೂಕಿನವರಿಗೆ ದಾರಿ ಸ್ವಲ್ಪ ಸಲೀಸು. ಕೊರಟಗೆರೆಗೂ ಶಿರಾಕ್ಕೂ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಕೈಗೆಟಕುತ್ತದೆ. ಮಷಿನ್ ಟೂಲ್ ಪಾರ್ಕ್ ಇರುವುದೂ ಅಲ್ಲೇ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮಧುಗಿರಿಯವರಿಗೆ ಗೌರಿಬಿದನೂರೂ ಒಂದು ದಾರಿ. ರೈಲನ್ನು ನಂಬಿ ಯೋಜನೆ ಹಾಕಬೇಡಿ; ತುಮಕೂರು–ರಾಯದುರ್ಗ ಮಾರ್ಗದ ಮಾತು ನೀವು ಹುಟ್ಟುವ ಹೊತ್ತಿಗೇ ಬಜೆಟ್ಟಿನಲ್ಲಿತ್ತು. ಬಸ್ಸೇ ಗತಿಯಾದ್ದರಿಂದ ಒಂದು ಮಾತು ಹೇಳುತ್ತೇನೆ: 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿ ಕಾಲೇಜಿಗೆ ಹೋಗುತ್ತಿದ್ದ ಮಕ್ಕಳು ಸತ್ತರು. ತುಂಬಿದ ಬಸ್ಸಿನ ಟಾಪು ಹತ್ತಿ ಶಿಫ್ಟಿಗೆ ಹೋಗಬೇಡಿ. ಒಂದು ದಿನ ತಡವಾದರೆ ಯಾರೂ ಕರಾರು ಹರಿದುಹಾಕುವುದಿಲ್ಲ.

ಹುಡುಗಿಯರಿಗೆ ಪ್ರತ್ಯೇಕವಾಗಿ ಬರೆಯಬೇಕೆಂದಿರಲಿಲ್ಲ, ಆದರೆ ನಿಮ್ಮ ಅಪ್ಪ ಅಮ್ಮ ಈ ಪತ್ರ ಓದುತ್ತಾರೆ ಎಂದು ಬರೆಯುತ್ತಿದ್ದೇನೆ. ಅಳತೆಯ ಕೆಲಸದಲ್ಲಿ, ಎಲೆಕ್ಟ್ರಾನಿಕ್ಸ್ ಜೋಡಣೆಯಲ್ಲಿ ನಿಮ್ಮನ್ನೇ ಹುಡುಕಿ ತೆಗೆದುಕೊಳ್ಳುವ ಕಾರ್ಖಾನೆಗಳು ಬೆಂಗಳೂರು, ಕೋಲಾರದ ಸುತ್ತ ಬಂದಿವೆ. 2023ರ ಜೂನಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿನ ದುಡ್ಡಿಲ್ಲ. ಅಡ್ಡಿ ಇರುವುದು ಊರಿನ ಬಾಯಿ. ಹಾಸ್ಟೆಲ್ ಯಾರದು, ಶಿಫ್ಟ್ ಎಷ್ಟಕ್ಕೆ ಬಿಡುತ್ತದೆ, ಅಲ್ಲಿಂದ ವಾಹನ ಇದೆಯೇ ಎಂಬುದನ್ನು ಅಪ್ಪನೇ ಬಂದು ಕೇಳಿ ನೋಡಲಿ. ಅದನ್ನು ಅವಮಾನ ಎಂದುಕೊಳ್ಳಬೇಡಿ. ಬಂದು ನೋಡಿದ ಅಪ್ಪ ಊರಿನ ಬಾಯಿಗೆ ಉತ್ತರ ಕೊಡುತ್ತಾನೆ. ಕ್ವಾಲಿಟಿಯಲ್ಲಿ ಗೇಜ್ ಹಿಡಿದು ನಿಲ್ಲುವುದು ಒಳ್ಳೆಯ ಕೆಲಸವೇ, ಆದರೆ ‘ಹೆಣ್ಣುಮಕ್ಕಳು ಇದಕ್ಕೆ ಸಾಕು’ ಎಂದು ಮಷಿನ್ ಕಡೆ ಬಿಡದೇ ಹೋದರೆ ಅಲ್ಲೂ ಮೊದಲಿನ ಪ್ರಶ್ನೆಯನ್ನೇ ಕೇಳಿ.

ಕಾಯ್ದೆಯಲ್ಲಿ ನಿಮಗೆ ಪರವಾಗಿ ಇನ್ನೂ ಕೆಲವು ಮಾತುಗಳಿವೆ, ಯಾರೂ ಓದಿ ಹೇಳುವುದಿಲ್ಲ. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ. ಇಷ್ಟು ಜಾಬ್ ತೆಗೆದರೆ ಇಷ್ಟು ಇನ್ಸೆಂಟಿವ್ ಎಂಬ ಆಟಕ್ಕೆ ಎಳೆಯುವಂತಿಲ್ಲ. ಇದನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಿರಾಸೆ ಆಗಬಹುದು. ಆದರೆ ಎಣಿಕೆಗೆ ಬಿದ್ದವನು ಕಲಿಯಲು ನಿಲ್ಲುವುದಿಲ್ಲ, ಅದಕ್ಕೇ ಆ ಕಲಮು. ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಒಪ್ಪಿಗೆಯಿಲ್ಲದೆ ಓಟಿ ಮಾಡಿಸುವಂತಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಮಾಲೀಕರ ಹೊಣೆ. ಇನ್ನು ನಿಮಗೆ ವಿರುದ್ಧವಾಗಿರುವುದನ್ನೂ ಹೇಳಬೇಕು: ಕಾಯ್ದೆಯ ಕಣ್ಣಲ್ಲಿ ನೀವು ಕಾರ್ಮಿಕರಲ್ಲ, ಕಲಿಯುವವರು. ಕರಾರಿನಲ್ಲೇ ಅಂಥ ಷರತ್ತು ಇಲ್ಲದಿದ್ದರೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದೇನೂ ಇಲ್ಲ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಉಳಿದೆಲ್ಲ ಸಮನಾಗಿದ್ದರೆ ನೇರ ನೇಮಕಾತಿಗೆ ಬಂದವರಿಗಿಂತ ತರಬೇತಿ ಪಡೆದವರಿಗೆ ಆದ್ಯತೆ ಸಿಗಬೇಕು ಎಂದಿತು. ಆದ್ಯತೆ ಅಷ್ಟೇ, ಭರವಸೆ ಅಲ್ಲ. ‘ಒಂದು ವರ್ಷ ಮಾಡು, ಪರ್ಮನೆಂಟ್ ಮಾಡ್ತಾರೆ’ ಎನ್ನುವ ಮಧ್ಯವರ್ತಿ ಸಿಕ್ಕಿದರೆ ಅವನಿಗೆ ಟೀ ಕೂಡ ಕುಡಿಸಬೇಡಿ.

ಮಾಲೀಕರಿಗೂ ಒಂದು ಬದ್ಧತೆ ಇದೆ ಎಂಬುದು ನಿಮಗೆ ಗೊತ್ತಿರಲಿ. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶೇ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಇನ್ನೂರು ಜನರ ಕಾರ್ಖಾನೆಯಾದರೆ ಕಡಿಮೆಯೆಂದರೆ ಐವರು. ಅಂದರೆ ನೀವು ಕೇಳಿಕೊಂಡು ಹೋಗುತ್ತಿಲ್ಲ; ಅವರಿಗೂ ನೀವು ಬೇಕು. ಇಷ್ಟಾದರೂ ಎದೆ ಸೆಟೆಸಿ ಜಗಳಕ್ಕೆ ನಿಲ್ಲಬೇಡಿ. ನಾನು ಕಂಡಂತೆ ಒಳ್ಳೆಯ ಕೆಲಸಗಾರ ಕಲಿಸುವುದು ಕಲಮು ಓದಿ ಹೇಳಿದವನಿಗಲ್ಲ, ಶಿಫ್ಟ್ ಮುಗಿದ ಮೇಲೆ ಚಿಪ್ಸ್ ಗುಡಿಸಿ, ಕೂಲಂಟ್ ಒರೆಸಿ, ಆಗ ಆ ಟೂಲ್ ಯಾಕೆ ಬದಲಿಸಿದಿರಿ ಅಣ್ಣಾ ಎಂದು ಕೇಳುವವನಿಗೆ. ಐಟಿಐ ಮಾಡಿ ಇಪ್ಪತ್ತು ವರ್ಷ ಮಷಿನ್ ಮುಂದೆ ನಿಂತ ಅಣ್ಣನಿಗೆ ನಿಮ್ಮ ಬಿ.ಇ. ಬಗ್ಗೆ ಯಾವ ಭಯವೂ ಇಲ್ಲ. ಅವನ ಮುಂದೆ ಎಂಜಿನಿಯರ್ ಆಗಬೇಡಿ.

ಕಾಲೇಜನ್ನು ಬಿಡಬೇಡಿ. ಸ್ಟೈಪೆಂಡಿನ ರುಚಿ ಹತ್ತಿದ ಮೇಲೆ ಎರಡು ಬ್ಯಾಕ್‌ಲಾಗ್ ಹಾಗೇ ಉಳಿದು, ಡಿಪ್ಲೊಮಾ ಕೈಗೆ ಬರದೆ, ಐದು ವರ್ಷದ ನಂತರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ಆಪರೇಟರ್ ಆಗಿರುವವರನ್ನು ನಾನು ಬಲ್ಲೆ, ಅವರೇನೂ ದಡ್ಡರಲ್ಲ. ಜರ್ಮನಿಯಲ್ಲಿ 1969ರ ಕಾನೂನೊಂದು ಈ ಎರಡು ದೋಣಿಯ ಪಯಣಕ್ಕೇ ಇದೆ: ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆ, ಒಂದೆರಡು ದಿನ ಶಾಲೆ. ನಮ್ಮ ಐಟಿಐಗಳಲ್ಲಿ 2016ರಿಂದ ಬಂದ ದ್ವಂದ್ವ ತರಬೇತಿ ವ್ಯವಸ್ಥೆಯೂ ಅದೇ ದಾರಿಯದು. ಆದರೆ ಜರ್ಮನಿಯಲ್ಲಿ ಶಾಲೆಯ ಮೇಷ್ಟ್ರಿಗೆ ಕಾರ್ಖಾನೆಯ ಫೋರ್‌ಮನ್ ಪರಿಚಯ. ನಮ್ಮಲ್ಲಿ ಎಷ್ಟೋ ಉಪನ್ಯಾಸಕರು ಇಂಟರ್ನ್‌ಶಿಪ್ ವರದಿಗೆ ಸಹಿ ಹಾಕುವಾಗಲೇ ಆ ಕಂಪನಿಯ ಹೆಸರನ್ನು ಮೊದಲ ಸಲ ಓದುವುದು. ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಓದಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನೀವೇ ನಿಮ್ಮ ಗೈಡನ್ನು ಒಂದು ದಿನ ಕಾರ್ಖಾನೆಗೆ ಕರೆಯಿರಿ. ದಿನವೂ ಒಂದು ಪುಟ ಬರೆಯಿರಿ: ಇಂದು ಯಾವ ಡ್ರಾಯಿಂಗ್, ಯಾವ ಮಷಿನ್, ಏನು ಕೆಟ್ಟಿತು, ಯಾಕೆ. ತಿಂಗಳ ಕೊನೆಗೆ ಹಾಳೆ ತಿರುವಿದಾಗ ಎಲ್ಲ ಪುಟವೂ ಒಂದೇ ಥರ ಇದ್ದರೆ, ಅದನ್ನು ತರಬೇತಿಯ ಹೊಣೆ ಹೊತ್ತವರ ಮುಂದಿಟ್ಟು ಬೇರೆ ಸೆಕ್ಷನ್ ಕೇಳಿ. ಬಾಯಿಮಾತಿಗೆ ಸಿಗದ ಉತ್ತರ ಬರೆದ ಪುಟಕ್ಕೆ ಸಿಗುತ್ತದೆ.

ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ನಿಮಗೆ ಗೊತ್ತಿರಲಾರದು. 1978ರಲ್ಲಿ ಶುರುವಾದದ್ದು. ಅಲ್ಲಿ ಕೆಲಸ ಸಿಕ್ಕಿದವನಿಗೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದ ಕಾಲ ಅದು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಜಾಗ ಇಸ್ರೊಗೆ ಹೋಯಿತು. ಗಡಿಯಾರದ ಹಲ್ಲುಚಕ್ರದಂಥ ಸಣ್ಣ ಭಾಗಗಳಲ್ಲಿ ಕೈ ಪಳಗಿದವರು ಆಮೇಲೂ ಬೇರೆ ಕಡೆ ಅನ್ನ ಸಂಪಾದಿಸಿದರು. ಹಾಜರಾತಿ ಹಾಕಿ ಬಂದವರಿಗೆ ಕಷ್ಟವಾಯಿತು. ‘ಯಾವ ಕಂಪನಿ ಒಳ್ಳೇದು ಸಾರ್’ ಎಂದು ಕೇಳುವವರಿಗೆ ನಾನು ಹೆಸರು ಹೇಳದೇ ಇರಲು ಇದೇ ಕಾರಣ.

ಸಹಿ ಹಾಕಿದ ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಕಾಲೇಜಿನಲ್ಲಿರಲಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ವರ್ಕ್‌ಶಾಪ್ ಮೇಷ್ಟ್ರು, ಮಧುಗಿರಿ

ವಿ.ಸೂ.: ಮೊದಲ ದಿನ ತೋಳು ಮಡಚಿ ಹೋಗಿ, ಇಲ್ಲವೇ ಗಿಡ್ಡ ತೋಳಿನ ಅಂಗಿ ಹಾಕಿ. ಉಂಗುರ, ಕೈದಾರ, ಕೊರಳ ಸರ ಮನೆಯಲ್ಲೇ ಇರಲಿ. ಜಡೆ ಇದ್ದವರು ಟೋಪಿಯೊಳಗೆ ಸೇರಿಸಿ. ಚಕ್ ಕೀ ಕೈಯಲ್ಲಿರಬೇಕು ಅಥವಾ ಅದರ ಗೂಡಿನಲ್ಲಿರಬೇಕು, ಚಕ್ಕಿನಲ್ಲಿ ಬಿಟ್ಟು ಮಷಿನ್ ಹಾಕಬೇಡಿ. ತಿರುಗುವ ಲೇತ್, ಡ್ರಿಲ್ಲಿನ ಮುಂದೆ ಗ್ಲೌಸ್ ಬೇಡ, ಅದು ಕೈಯನ್ನೇ ಎಳೆದುಕೊಳ್ಳುತ್ತದೆ. ಸೇಫ್ಟಿ ಶೂ ಅವರು ಕೊಡುವುದು ತಡವಾದರೆ ಕಾಯಬೇಡಿ, ಮೊದಲ ಸ್ಟೈಪೆಂಡಿನಲ್ಲಿ ಮೊಬೈಲಿಗಿಂತ ಮೊದಲು ಅದನ್ನೇ ಕೊಳ್ಳಿ.